ಹಳೇ ಫೋರ್ ಬೈ ಫೋರ್ ಹೊಗೆ ಕಾರಿದರೆ ಎಲ್ಲಿಂದ ಹುಡುಕಬೇಕು?

ಎಮಿಷನ್ ಟೆಸ್ಟ್‌ನಲ್ಲಿ ಜೀಪು ಫೇಲ್ ಆಯ್ತು ಅಂದರೆ ಸಾಕು, ಮೂರು ಸಲಹೆ ತಾವಾಗಿಯೇ ಬರುತ್ತವೆ. ಒಬ್ಬರು ‘ನಾಝಲ್ ಹೋಗಿದೆ, ಬದಲಾಯಿಸಿ’ ಅಂತ ಡೀಸೆಲ್ ಚಿಮ್ಮಿಸುವ ಭಾಗವನ್ನು ದೂರುತ್ತಾರೆ. ಇನ್ನೊಬ್ಬರು ‘ಇಜಿಆರ್ ಮುಚ್ಚಿಸಿಬಿಡಿ, ಪಿಕಪ್ಪೂ ಬರುತ್ತೆ’ ಅನ್ನುತ್ತಾರೆ (ಇಜಿಆರ್ ಅಂದರೆ ಹೊಗೆಯಲ್ಲಿ ಒಂದಷ್ಟನ್ನು ಇಂಜಿನ್ನಿಗೇ ವಾಪಸ್ ಕಳಿಸುವ ವ್ಯವಸ್ಥೆ). ಮತ್ತೊಬ್ಬರು ‘ಹದಿನೈದು ವರ್ಷದ ಗಾಡಿ ಅಲ್ವಾ, ಅಷ್ಟು ಹೊಗೆ ಇದ್ದೇ ಇರುತ್ತೆ’ ಅಂತ ಮಾತು ಮುಗಿಸುತ್ತಾರೆ. ಮೂವರಲ್ಲಿ ಒಬ್ಬರೂ ಬಾನೆಟ್ ಎತ್ತಿ ನೋಡಿರುವುದಿಲ್ಲ.

ಹಳೇ ಗಾಡಿ ಅಂದ ಮಾತ್ರಕ್ಕೆ ಹೊಗೆ ಬರಲೇಬೇಕು ಅಂತೇನಿಲ್ಲ. ಚೆನ್ನಾಗಿ ನೋಡಿಕೊಂಡ ಇಪ್ಪತ್ತು ವರ್ಷದ ಜೀಪೂ ಅದರ ಕಾಲದ ಮಿತಿಯೊಳಗೆ ಪಾಸಾಗುತ್ತದೆ. ಹೊಗೆ ಬಂತು ಅಂದರೆ ಗಾಳಿ, ಇಂಧನ, ಶಾಖ ಈ ಮೂರರಲ್ಲಿ ಯಾವುದೋ ಒಂದರ ಲೆಕ್ಕ ತಪ್ಪಿದೆ ಅಂತ. ಯಾವುದು ಅಂತ ಗೊತ್ತಾಗುವ ತನಕ ಒಂದು ಪಾರ್ಟೂ ಕೊಳ್ಳಬೇಡಿ.

ಮೊದಲು ನಿಮ್ಮ ಗಾಡಿ ಯಾವ ಲೆಕ್ಕಕ್ಕೆ ಸೇರಿದ್ದು ನೋಡಿ

ಬಾನೆಟ್ ಎತ್ತುವ ಮೊದಲು ಆರ್‌ಸಿ ತೆಗೆದು ನೋಡಿ. ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಗೆಗೆ ಸರ್ಕಾರ ಇಟ್ಟ ಮಿತಿಯ ಹಂತ. ಗಾಡಿ ಬಿಎಸ್3 ಆ ಬಿಎಸ್4 ಆ ಅನ್ನುವುದರ ಮೇಲೆ ಎರಡು ವಿಷಯ ನಿಂತಿವೆ. ಟೆಸ್ಟ್‌ನಲ್ಲಿ ಎಷ್ಟು ಹೊಗೆಗೆ ಪಾಸ್ ಅನ್ನುವುದು ಒಂದು. ಗಾಡಿಯಲ್ಲಿ ಯಾವ ಯಾವ ಹೊಗೆ ತಡೆಯುವ ಸಾಮಾನು ಇದೆ ಅನ್ನುವುದು ಇನ್ನೊಂದು. ಬೆಂಗಳೂರಿನಲ್ಲಿ ಹೊಸ ಕಾರು, ಜೀಪುಗಳಿಗೆ 2010ರ ಏಪ್ರಿಲ್‌ನಿಂದಲೇ ಬಿಎಸ್4 ಕಡ್ಡಾಯವಾಯಿತು. ಇಡೀ ದೇಶಕ್ಕೆ ಅದು ಬಂದಿದ್ದು 2017ರ ಏಪ್ರಿಲ್ 1ಕ್ಕೆ. ಹಾಗಾಗಿ ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿ ಇದ್ದರೆ ಬೆಂಗಳೂರಿನದು ಬಿಎಸ್4, ಮೈಸೂರಿನ ಕೆಎ-09 ಅಥವಾ ಮಂಡ್ಯದ ಕೆಎ-11 ಪ್ಲೇಟಿನದು ಬಿಎಸ್3 ಆಗಿರಬಹುದು. ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ಇದು ಗೊತ್ತೇ ಇರುವುದಿಲ್ಲ. ಸ್ಪೇರ್ ಪಾರ್ಟ್ ಅಂಗಡಿಗೆ ಹೋಗಿ ತಪ್ಪು ಸೆನ್ಸರ್ ತಂದು ಹಾಕಿಸಿಕೊಳ್ಳುವುದು ಇದರಿಂದಲೇ.

ಡೀಸೆಲ್ ಗಾಡಿಗೆ ಟೆಸ್ಟ್‌ನಲ್ಲಿ ನೋಡುವುದು ‘ಕೆ’ ವ್ಯಾಲ್ಯೂ. ಹೊಗೆಯೊಳಗೆ ಬೆಳಕು ಹಾಯಿಸುತ್ತಾರೆ. ಬೆಳಕು ಎಷ್ಟು ಮಂಕಾಯಿತು ಅನ್ನುವುದೇ ಆ ಅಂಕಿ. ಬಿಎಸ್4ಕ್ಕಿಂತ ಹಿಂದಿನ ಡೀಸೆಲ್‌ಗೆ ಮಿತಿ 2.45, ಬಿಎಸ್4ಕ್ಕೆ 1.62. ಪೆಟ್ರೋಲ್‌ನಲ್ಲಿ ನೋಡುವುದು ಎರಡು. ಅರ್ಧಂಬರ್ಧ ಉರಿದ ಪೆಟ್ರೋಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಒಂದು, ಉರಿಯದೇ ಹಾಗೇ ಆಚೆ ಬಂದ ಹೈಡ್ರೋಕಾರ್ಬನ್ ಇನ್ನೊಂದು. ಬಿಎಸ್2, ಬಿಎಸ್3 ಜಿಪ್ಸಿಯಂಥ ಪೆಟ್ರೋಲ್ ಜೀಪಿಗೆ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ) ಮೊನಾಕ್ಸೈಡ್ ಶೇ 0.5, ಹೈಡ್ರೋಕಾರ್ಬನ್ 750 ಪಿಪಿಎಂ (ಹತ್ತು ಲಕ್ಷದಲ್ಲಿ 750 ಪಾಲು) ದಾಟಬಾರದು. ಬಿಎಸ್4 ಆದರೆ ಶೇ 0.3 ಮತ್ತು 200. ಅದಕ್ಕೂ ಹಿಂದಿನ ಕಾರ್ಬ್ಯುರೇಟರ್ ಕಾಲದ ಗಾಡಿಗಳಿಗೆ ಶೇ 3 ಮತ್ತು 1500ರ ತನಕ ರಿಯಾಯಿತಿ ಇದೆ.

ಟೆಸ್ಟ್ ಸೆಂಟರ್‌ನಲ್ಲಿ ಕೊಡುವ ಚೀಟಿಯಲ್ಲಿ ಈ ಅಂಕಿಗಳು ಇರುತ್ತವೆ. ಪಾಸ್ ಫೇಲ್ ಅಷ್ಟೇ ನೋಡಿ ಮಡಚಿ ಡ್ಯಾಶ್‌ಬೋರ್ಡಿಗೆ ತುರುಕುತ್ತೇವೆ. ಆದರೆ ಹೋದ ಸಲ 1.1 ಇದ್ದಿದ್ದು ಈ ಸಲ 2.2 ಆಗಿದ್ದರೆ ಗಾಡಿ ಪಾಸಾಗಿದ್ದರೂ ಒಳಗೆ ಏನೋ ಕೆಡುತ್ತಿದೆ ಅಂತಲೇ. ಬಿಎಸ್3ರ ತನಕದ ಗಾಡಿಗೆ ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಲೇಬೇಕು. ಆ ಚೀಟಿಗಳನ್ನು ಜೋಡಿಸಿಟ್ಟರೆ ಅದಕ್ಕಿಂತ ಒಳ್ಳೆಯ ಆರೋಗ್ಯದ ದಾಖಲೆ ಇಲ್ಲ.

ಹೊಗೆಯ ಬಣ್ಣ, ಹೊಗೆ ಬರುವ ಹೊತ್ತು

ಮಂಡ್ಯ ಕಡೆಯ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವರನ್ನು ನೋಡಿರುತ್ತೀರಿ. ಒಣಗಿದ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿದರೆ ಉರಿ ಚೆನ್ನಾಗಿ ಏಳುತ್ತದೆ. ಒಂದೇ ಸಲ ತುರುಕಿದರೆ ಗಾಳಿ ಸಾಲದೆ ಕರಿಹೊಗೆ. ಸಿಪ್ಪೆ ಹಸಿ ಇದ್ದರೆ ಶಾಖ ಸಾಲದೆ ಬಿಳಿಹೊಗೆ. ಡೀಸೆಲ್ ಇಂಜಿನ್ನಿನ ಒಳಗೆ ನಡೆಯುವುದೂ ಇದೇ.

ಕರಿಹೊಗೆ ಬಂದರೆ ಇಂಧನಕ್ಕೆ ತಕ್ಕ ಗಾಳಿ ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿಹೊಗೆ ಬಂದು ಇಂಜಿನ್ ಬಿಸಿಯಾದ ಮೇಲೆ ನಿಂತರೆ ಗ್ಲೋ ಪ್ಲಗ್ (ತಣ್ಣಗಿರುವ ಸಿಲಿಂಡರ್ ಕಾಯಿಸುವ ಭಾಗ), ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ಅಥವಾ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಕಡೆ ನೋಡಬೇಕು. ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದೆ, ಸಿಹಿ ವಾಸನೆ ಬಂದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಅದು ಎಮಿಷನ್ ಸಮಸ್ಯೆಗಿಂತ ದೊಡ್ಡದು, ಗಾಡಿ ಓಡಿಸುವುದನ್ನು ಅಲ್ಲೇ ನಿಲ್ಲಿಸಿ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸೀಲ್ ಇವುಗಳಲ್ಲಿ ಒಂದು. ಎಷ್ಟೋ ಸಲ ಆಯಿಲ್ ಜಾಸ್ತಿ ತುಂಬಿಸಿರುವುದೇ ಕಾರಣವಾಗಿರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಲು ಒಂದು ನಿಮಿಷ ಸಾಕು.

ಬಣ್ಣದಷ್ಟೇ ಮುಖ್ಯ, ಹೊಗೆ ಯಾವಾಗ ಬರುತ್ತದೆ ಅನ್ನುವುದು. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಕರಿಹೊಗೆಯಾ? ಸಿಗ್ನಲ್‌ನಲ್ಲಿ ನಿಂತಿದ್ದು ಹೊರಡುವಾಗ ಒಂದು ಬುಸ್ಸಾ? ಇಳಿಜಾರಿನಲ್ಲಿ ಗೇರ್‌ನಲ್ಲೇ ಇಳಿದು, ಕೆಳಗೆ ಆಕ್ಸಿಲರೇಟರ್ ತುಳಿದಾಗ ನೀಲಿ ಹೊಗೆಯಾ? ಬೆಟ್ಟ ಹತ್ತುವಾಗ ಕರಿಹೊಗೆ, ಜತೆಗೆ ಎಳೆತವೂ ಇಲ್ಲ ಅಂದರೆ ಟರ್ಬೊ ಗಾಳಿ ಎಲ್ಲೋ ಸೋರುತ್ತಿರಬಹುದು. ಇಳಿದ ಮೇಲೆ ನೀಲಿ ಬಂದರೆ ಹೆಚ್ಚಾಗಿ ವಾಲ್ವ್ ಸೀಲ್. ಮೆಕ್ಯಾನಿಕ್‌ಗೆ ‘ಹೊಗೆ ಬರ್ತದೆ’ ಅನ್ನುವ ಬದಲು ಇಷ್ಟು ವಿವರ ಹೇಳಿದರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

ನಮ್ಮ ಕಡೆಯ ಜೀಪುಗಳಿಗೆ ಅಂಟಿದ ತೊಂದರೆಗಳು

ಕಾರಿಗೂ ಫೋರ್ ಬೈ ಫೋರ್‌ಗೂ ಇಂಜಿನ್ ಒಂದೇ ಥರ ಇರಬಹುದು, ಓಡುವ ಜಾಗ ಒಂದೇ ಅಲ್ಲ. ತೋಟಕ್ಕೆ, ನಾಲೆ ಏರಿ ಮೇಲೆ, ಕಬ್ಬಿನ ಗದ್ದೆ ಪಕ್ಕದ ಮಣ್ಣುದಾರಿಯಲ್ಲಿ ಓಡುವ ಜೀಪಿಗೆ ಬೇರೆಯದೇ ಕಾಯಿಲೆಗಳು.

ಮೊದಲನೆಯದು ಧೂಳು. ಹೈವೇ ಗಾಡಿಯ ಏರ್ ಫಿಲ್ಟರ್ ಬದಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಲಾರಿ, ಟ್ರ್ಯಾಕ್ಟರ್‌ಗಳ ಹಿಂದೆ ಓಡಿದ ಗಾಡಿಯ ಫಿಲ್ಟರ್ ಬಿಚ್ಚಿ ನೆಲಕ್ಕೆ ತಟ್ಟಿ ನೋಡಿ, ಗೊತ್ತಾಗುತ್ತದೆ. ಮಹೀಂದ್ರದ ಹಳೇ ಎಂಎಂ540 ಥರದ ಜೀಪುಗಳಲ್ಲಿ ಗಾಳಿಯ ಧೂಳನ್ನು ಆಯಿಲ್‌ನಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತದೆ. ಅದರ ತಳದ ಆಯಿಲ್ ಕೆಸರಾಗಿದ್ದರೆ ಗಾಳಿ ಕಟ್ಟುತ್ತದೆ. ಗೆರೆ ಮೀರಿ ತುಂಬಿಸಿದರೆ ಆ ಆಯಿಲನ್ನೇ ಇಂಜಿನ್ ಹೀರಿಕೊಂಡು ಹೊಗೆ ಬಿಡುತ್ತದೆ.

ಎರಡನೆಯದು ಇಲಿ, ಹೆಗ್ಗಣ. ನಗಬೇಡಿ. ಗದ್ದೆ ಪಕ್ಕದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ವ್ಯಾಕ್ಯೂಮ್ ಪೈಪು, ಸೆನ್ಸರ್ ವೈರು ಇವುಗಳಿಗೆ ಬಲು ಇಷ್ಟ. ಹಳೇ ಡೀಸೆಲ್‌ಗಳಲ್ಲಿ ಇಜಿಆರ್ ಆಗಲಿ, ಟರ್ಬೊ ಆಗಲಿ ಕಿರುಬೆರಳಿಗಿಂತ ಸಣ್ಣ ರಬ್ಬರ್ ಪೈಪಿನ ವ್ಯಾಕ್ಯೂಮ್ ನಂಬಿಕೊಂಡು ಕೆಲಸ ಮಾಡುವುದು ಸಾಮಾನ್ಯ. ಅದರಲ್ಲಿ ಒಂದು ಹಲ್ಲಿನ ಗುರುತು ಬಿದ್ದರೂ ಸಾಕು, ಟರ್ಬೊ ಸರಿಯಾಗಿ ಕೆಲಸ ಮಾಡದೆ ಕರಿಹೊಗೆ ಶುರು. ಸಾವಿರಾರು ರೂಪಾಯಿಯ ಟರ್ಬೊ ಬದಲಿಸುವ ಮಾತು ಬರುವ ಮೊದಲು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಆ ಪೈಪನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ.

ಮೂರನೆಯದು ನೀರು. ಕೆಆರ್‌ಎಸ್ ಹಿನ್ನೀರಿನ ಕಡೆ ಹೋದವರು ಕೆಸರು, ನೀರಿಗೆ ಗಾಡಿ ಇಳಿಸದೆ ಬರುವುದು ಕಡಿಮೆ. ಕಾದು ಕೆಂಡವಾದ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವುದು) ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಡಬ್ಬಿ) ಎರಡರ ಒಳಗೂ ಪಿಂಗಾಣಿ ಥರದ ವಸ್ತು ಇದೆ. ತಣ್ಣೀರು ಬಿದ್ದರೆ ಸೀಳಬಹುದು. ನೀರಿಗಿಳಿಯುವ ಮೊದಲು ಹತ್ತು ನಿಮಿಷ ಇಂಜಿನ್ ತಣಿಯಲು ಬಿಡಿ. ಇದೇ ಸಾಲಿಗೆ ಆಯುಧ ಪೂಜೆಯೂ ಸೇರುತ್ತದೆ. ಹಿಂದಿನ ದಿನ ಮೈಸೂರಿನ ಎಲ್ಲ ವಾಟರ್ ಸರ್ವಿಸ್ ಮುಂದೆ ಸಾಲು ಸಾಲು ಗಾಡಿ. ಪ್ರೆಷರ್ ನೀರನ್ನು ಸೀದಾ ಇಂಜಿನ್ ಮೇಲೆ ಬಿಡುತ್ತಾರೆ. ಮಾರನೇ ದಿನ ಹಾರ ಹಾಕಿಕೊಂಡ ಗಾಡಿಯಲ್ಲಿ ಚೆಕ್ ಇಂಜಿನ್ ಲೈಟ್ ಉರಿಯುತ್ತಿರುತ್ತದೆ. ಅಂಥ ಸಮಯದಲ್ಲಿ ಸೆನ್ಸರ್ ಕೊಳ್ಳಲು ಓಡಬೇಡಿ. ಬ್ಯಾಟರಿ ಬಿಚ್ಚಿ, ಕನೆಕ್ಟರ್‌ಗಳನ್ನು ತೆಗೆದು ಗಾಳಿ ಹೊಡೆದು ಒಣಗಿಸಿ, ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ ಮತ್ತೆ ಕೂರಿಸಿ. ಎಷ್ಟೋ ಗಾಡಿಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ.

ನಾಲ್ಕನೆಯದನ್ನು ಯಾರೂ ಎಮಿಷನ್ ಜತೆ ಸೇರಿಸಿ ನೋಡುವುದಿಲ್ಲ: ದೊಡ್ಡ ಟೈರ್. ನೋಡಲು ಗತ್ತಾಗಿರಲಿ ಅಂತ ಕಂಪನಿ ಕೊಟ್ಟದ್ದಕ್ಕಿಂತ ಎರಡು ಸೈಜ್ ದೊಡ್ಡ ಟೈರ್ ಹಾಕಿಸುತ್ತಾರೆ. ಚಕ್ರ ದೊಡ್ಡದಾದಷ್ಟೂ ಅದೇ ಸ್ಪೀಡಿನಲ್ಲಿ ಇಂಜಿನ್ ಕಡಿಮೆ ಸುತ್ತುತ್ತದೆ. ಗೇರ್ ಇಳಿಸಬೇಕಾದ ಕಡೆ ಇಳಿಸದೆ ಓಡಿಸುತ್ತೀರಿ, ಇಂಜಿನ್ ಏದುಸಿರು ಬಿಡುತ್ತದೆ. ಟರ್ಬೊ ಇನ್ನೂ ತಿರುಗಲು ಶುರು ಮಾಡಿರುವುದಿಲ್ಲ, ಡೀಸೆಲ್ ಮಾತ್ರ ಪೂರ್ತಿ ಬರುತ್ತಿರುತ್ತದೆ. ಕರಿಹೊಗೆ ಬರದೆ ಇನ್ನೇನು? ಬ್ರೇಕ್ ಕಚ್ಚಿಕೊಂಡಿದ್ದರೂ ಇದೇ ಕತೆ. ಡಾಂಬರು ರಸ್ತೆಯಲ್ಲೂ ಫೋರ್ ವೀಲ್ ಹಾಕಿಕೊಂಡೇ ಓಡಿಸಿದರೂ ಇದೇ ಕತೆ. ಬಿಸಿಯಾದ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಕೈಯಲ್ಲಿ ತಳ್ಳಿ ನೋಡಿ. ಸುಲಭವಾಗಿ ಉರುಳದಿದ್ದರೆ ತಪ್ಪು ಇಂಜಿನ್‌ನಲ್ಲಿ ಹುಡುಕಬೇಡಿ.

ಇಜಿಆರ್ ಅಂದರೆ ಏನು, ಅದರ ಮೇಲೆ ಇಷ್ಟು ಸಿಟ್ಟು ಯಾಕೆ

ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲಿನ ಥಾರ್, ಬೊಲೆರೊ, ಸ್ಕಾರ್ಪಿಯೊ, ಸಫಾರಿ ಥರದ ಗಾಡಿಗಳಲ್ಲಿ ಹೊಗೆಯ ಮಾತು ಬಂದರೆ ಕೊನೆಗೆ ಇಜಿಆರ್ ಹತ್ತಿರ ಬಂದು ನಿಲ್ಲುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ನೈಟ್ರೋಜನ್. ಸಾಮಾನ್ಯವಾಗಿ ಅದು ಯಾವುದರ ಜತೆಗೂ ಸೇರುವುದಿಲ್ಲ. ಆದರೆ ಸಿಲಿಂಡರ್ ಒಳಗಿನ ಭಾರೀ ಶಾಖದಲ್ಲಿ ಆಕ್ಸಿಜನ್ ಜತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಶ್ವಾಸಕೋಶಕ್ಕೆ ಕೆಟ್ಟದ್ದು. ಇದನ್ನು ತಗ್ಗಿಸಲು ಇಂಜಿನ್ ಬಿಟ್ಟ ಹೊಗೆಯಲ್ಲಿ ಒಂದಷ್ಟನ್ನು ವಾಪಸ್ ಒಳಗೇ ಕಳಿಸುತ್ತಾರೆ. ಆ ಹೊಗೆಯಲ್ಲಿ ಆಕ್ಸಿಜನ್ ಕಡಿಮೆ. ಹಾಗಾಗಿ ಉರಿಯ ತೀವ್ರತೆ ಇಳಿಯುತ್ತದೆ. ಎಷ್ಟು ಹೊಗೆ ವಾಪಸ್ ಹೋಗಬೇಕು ಅಂತ ತೆರೆದು ಮುಚ್ಚುವ ಬಾಗಿಲೇ ಇಜಿಆರ್ ವಾಲ್ವ್. ನಿಧಾನಕ್ಕೆ ಓಡುವಾಗ ತೆರೆದಿರುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮುಚ್ಚಿಕೊಳ್ಳಬೇಕು.

ಮುಚ್ಚಿಕೊಳ್ಳದೇ ಹೋದಾಗ ತೊಂದರೆ. ವಾಪಸ್ ಬರುವ ಹೊಗೆಯಲ್ಲಿ ಮಸಿ ಇದೆ. ಇಂಜಿನ್ನಿನ ಬ್ರೀದರ್ ಪೈಪಿನಿಂದ ಆಯಿಲ್ ಹಬೆಯೂ ಅದೇ ದಾರಿಗೆ ಬಂದು ಸೇರುತ್ತದೆ. ಎರಡೂ ಕೂಡಿ ಟಾರಿನಂತೆ ಗಟ್ಟಿಯಾಗುತ್ತವೆ. ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ ಅಂತ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಮಸಿ ಇನ್ನೂ ಬೇಗ ಕಟ್ಟುತ್ತದೆ.

ಪಾಂಡವಪುರ ಕಡೆಯ ರೈತರೊಬ್ಬರ ಗಾಡಿಯ ಇಜಿಆರ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಎರಡು ಬೆರಳು ಸಲೀಸಾಗಿ ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಗೋಡೆಗೆ ಅಂಟಿದ್ದ ಮಸಿ ಒಂದು ಕಡೆ ಒಣಗಿ ಚಕ್ಕೆಯಾಗಿತ್ತು, ಇನ್ನೊಂದು ಕಡೆ ಗ್ರೀಸಿನ ಹಾಗೆ ಹಸಿ. ಒಂದು ಚಕ್ಕೆ ಕಿತ್ತು ಬಂದು ವಾಲ್ವ್ ಮತ್ತು ಅದರ ಸೀಟ್ ನಡುವೆ ಸಿಕ್ಕಿಕೊಂಡಿತ್ತು. ಅಷ್ಟೇ. ಆ ಚಕ್ಕೆಯಿಂದ ವಾಲ್ವ್ ಮುಚ್ಚುತ್ತಿರಲಿಲ್ಲ, ಗಾಡಿ ಎಳೆಯುತ್ತಿರಲಿಲ್ಲ. ಅವರಿಗೆ ಅದಕ್ಕೂ ಮೊದಲು ಬೇರೆ ಕಡೆ ಇಂಜೆಕ್ಟರ್ ಬದಲಿಸಿ ಅಂತ ಹೇಳಿ ಕಳಿಸಿದ್ದರು.

ತೊಳೆಯುವಾಗ ಕೆಲವು ಜಾಗ್ರತೆ ಬೇಕು. ವಾಲ್ವನ್ನು ಗಾಡಿಯಿಂದ ಬಿಚ್ಚಿಯೇ ತೊಳೆಯಬೇಕು. ಓಡುತ್ತಿರುವ ಡೀಸೆಲ್ ಇಂಜಿನ್ನಿನ ಗಾಳಿ ದಾರಿಗೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಮಾಡುವುದನ್ನು ಕೆಲವರು ಮಾಡುತ್ತಾರೆ. ದಯವಿಟ್ಟು ಬೇಡ. ಡೀಸೆಲ್ ಇಂಜಿನ್ ಆ ಸ್ಪ್ರೇಯನ್ನೇ ಇಂಧನ ಮಾಡಿಕೊಂಡು ಹಿಡಿತ ತಪ್ಪಿ ಓಡಬಹುದು. ಮೋಟಾರ್ ಇರುವ ಭಾಗಕ್ಕೆ ದ್ರವ ತಾಗಬಾರದು. ಮಸಿಯನ್ನು ಮರದ ಕಡ್ಡಿಯಲ್ಲಿ ಕೆರೆಯಿರಿ, ಸ್ಕ್ರೂಡ್ರೈವರ್ ಹಾಕಿದರೆ ಸೀಟ್ ಗೀರುತ್ತದೆ. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ.

ಇನ್ನು ಇಜಿಆರ್ ಮುಚ್ಚಿಸುವ ವಿಷಯ. ಒಂದು ಲೋಹದ ತಗಡು ಕತ್ತರಿಸಿ ನಡುವೆ ಕೂರಿಸುತ್ತಾರೆ. ಹೊಗೆ ಕಡಿಮೆಯಾಗುತ್ತದೆ, ಪಿಕಪ್ ಬಂದಂತೆ ಅನ್ನಿಸುತ್ತದೆ, ಟೆಸ್ಟೂ ಪಾಸಾಗುತ್ತದೆ. ಇದು ನಿಜ. ಯಾಕೆ ಅಂದರೆ ನಮ್ಮ ಡೀಸೆಲ್ ಎಮಿಷನ್ ಟೆಸ್ಟ್‌ನಲ್ಲಿ ಹೊಗೆ ಮಾತ್ರ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲ. ಕಾಣುವ ಹೊಗೆ ಹೋಗಿ ಕಾಣದ ವಿಷ ಜಾಸ್ತಿಯಾಯಿತು ಅಷ್ಟೇ. ಕಂಪನಿ ಕೊಟ್ಟ ವ್ಯವಸ್ಥೆಯನ್ನು ಹೀಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯಲ್ಲೂ ಅವಕಾಶವಿಲ್ಲ. ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್ ಇರುವ ಗಾಡಿಯಲ್ಲಿ ಗಾಳಿಯ ಲೆಕ್ಕ ತಾಳೆಯಾಗದೆ ಲೈಟ್ ಹತ್ತಿಕೊಂಡು ಗಾಡಿ ಶಕ್ತಿ ತಗ್ಗಿಸಿಕೊಂಡು ಓಡುವ ಲಿಂಪ್ ಮೋಡ್‌ಗೆ ಹೋಗುವುದೂ ಉಂಟು. ತೊಳೆದರೆ ಸರಿಹೋಗುವ ವಸ್ತುವನ್ನು ಮುಚ್ಚುವುದು ಯಾಕೆ ಅನ್ನುವುದು ನನ್ನ ಪ್ರಶ್ನೆ.

ಇಜಿಆರ್ ಸರಿ ಇದ್ದೂ ಕರಿಹೊಗೆ ನಿಲ್ಲದಿದ್ದರೆ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸ್ ನೋಡಿ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಹೋಸನ್ನು ಕೈಯಲ್ಲಿ ಹಿಸುಕಿ. ಕ್ಲಾಂಪ್ ಹತ್ತಿರ ಆಯಿಲ್ ಜಿಡ್ಡು, ಅದರ ಮೇಲೆ ಧೂಳು ಮೆತ್ತಿಕೊಂಡಿದ್ದರೆ ಗಾಳಿ ಅಲ್ಲೇ ಸೋರುತ್ತಿದೆ. ಐಡ್ಲಿಂಗ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಲೋಡ್ ಬಿದ್ದಾಗ ಮಾತ್ರ ‘ಸುಯ್’ ಅನ್ನುತ್ತದೆ. ಇಂಜೆಕ್ಟರ್ ಅನುಮಾನ ಕೊನೆಗೆ ಬರಲಿ. ಅದಕ್ಕೂ ಸುಲಭದ ಪರೀಕ್ಷೆ ಇದೆ: ರಿಟರ್ನ್ ಪೈಪುಗಳನ್ನು ಒಂದೊಂದು ಬಾಟಲಿಗೆ ಬಿಟ್ಟು ಇಂಜಿನ್ ಓಡಿಸಿದರೆ ಯಾವ ಇಂಜೆಕ್ಟರ್ ಜಾಸ್ತಿ ಡೀಸೆಲ್ ವಾಪಸ್ ಬಿಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ನಾಲ್ಕನ್ನೂ ಬದಲಿಸಿ ಅನ್ನುವ ಮೊದಲು ಇದನ್ನು ಮಾಡಿ ತೋರಿಸಲು ಕೇಳಿ.

ಸೆನ್ಸರೇ ಇಲ್ಲದ ಹಳೇ ಜೀಪುಗಳ ಕತೆ ಚಿಕ್ಕದು. ಏರ್ ಕ್ಲೀನರ್, ಟ್ಯಾಪೆಟ್ ಗ್ಯಾಪ್ (ವಾಲ್ವ್ ಸಂದು), ನಾಝಲ್ ಒತ್ತಡ, ಪಂಪ್ ಟೈಮಿಂಗ್. ಇಷ್ಟರಲ್ಲಿ ಒಂದು. ಎಳೆತ ಜಾಸ್ತಿ ಆಗಲಿ ಅಂತ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿದ್ದರೆ ಅದನ್ನು ವಾಪಸ್ ಕ್ಯಾಲಿಬ್ರೇಷನ್ ಮಾಡಿಸದೆ ಬೇರೇನು ಮಾಡಿದರೂ ದಂಡ.

ಜಿಪ್ಸಿಯಂಥ ಪೆಟ್ರೋಲ್ ಗಾಡಿ

ಪೆಟ್ರೋಲ್‌ನಲ್ಲಿ ಹೊಗೆ ಕಾಣುವುದಿಲ್ಲ, ಹಾಗಾಗಿ ಅಂಕಿ ನೋಡಬೇಕು. ಮೊನಾಕ್ಸೈಡ್ ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ. ಮೊನಾಕ್ಸೈಡ್ ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಎಲ್ಲೋ ಮಿಸ್ಸಿಂಗ್ ಇದೆ, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಉರಿ ತಪ್ಪುತ್ತಿದೆ: ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಇಲ್ಲವೇ ಗಾಳಿ ಜಾಸ್ತಿಯಾಗಿ ಉರಿ ಹತ್ತುತ್ತಿಲ್ಲ. ಎರಡೂ ಏರಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡದಿರಬಹುದು, ಜತೆಗೆ ಅದನ್ನು ಹಾಳು ಮಾಡಿದ ಇನ್ನೊಂದು ತಪ್ಪೂ ಇರಬಹುದು.

ಮೊನಾಕ್ಸೈಡ್ ಏರಿದಾಗ ನಾನು ಮೊದಲು ಕೇಳುವ ಪ್ರಶ್ನೆ: ಥರ್ಮೋಸ್ಟಾಟ್ ಇದೆಯಾ? ಗಾಡಿ ಹೀಟ್ ಆಗುತ್ತೆ ಅಂತ ಯಾವತ್ತೋ ಯಾರೋ ಅದನ್ನು ಕಿತ್ತು ಹಾಕಿರುತ್ತಾರೆ. ಇಂಜಿನ್ 80 ಡಿಗ್ರಿ ದಾಟುವುದೇ ಇಲ್ಲ. ‘ಇಂಜಿನ್ ಇನ್ನೂ ತಣ್ಣಗಿದೆ’ ಅಂತ ಇಸಿಯು ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಮೈಲೇಜೂ ಹೋಯ್ತು, ಟೆಸ್ಟೂ ಫೇಲ್. ರೇಡಿಯೇಟರ್ ತೊಳೆಸಿ ಹೊಸ ಥರ್ಮೋಸ್ಟಾಟ್ ಹಾಕಿಸಿದರೆ ಎರಡೂ ಸರಿಹೋಗುವ ಸಾಧ್ಯತೆ ಜಾಸ್ತಿ.

ಎರಡನೇ ಪ್ರಶ್ನೆ: ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗೆ ಆಚೆ ತರುವ ಪೈಪು) ಸೋರುತ್ತಿದೆಯಾ? ಕಲ್ಲು ಗುಂಡಿಯಲ್ಲಿ ಓಡಿದ ಗಾಡಿಯಲ್ಲಿ ಗ್ಯಾಸ್ಕೆಟ್ ಸುಡುವುದು, ಪೈಪ್ ಸೀಳುವುದು ಮಾಮೂಲಿ. ಹೊಗೆ ಆಚೆ ಹೋಗುವುದಷ್ಟೇ ಅಲ್ಲ, ಒಂದೊಂದು ಬಡಿತದ ನಡುವೆ ಹೊರಗಿನ ಗಾಳಿ ಒಳಗೂ ನುಗ್ಗುತ್ತದೆ. ಮುಂದೆ ಕೂತಿರುವ ಆಕ್ಸಿಜನ್ ಸೆನ್ಸರ್‌ಗೆ ಆ ಗಾಳಿ ಸಿಕ್ಕಿ ‘ಪೆಟ್ರೋಲ್ ಸಾಲದು’ ಅಂತ ವರದಿ ಕೊಡುತ್ತದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಏರಿಸುತ್ತದೆ. ಇಲ್ಲಿ ಸೆನ್ಸರ್ ಸರಿ ಇದೆ, ಇಸಿಯು ಸರಿ ಇದೆ, ಕೆಟ್ಟಿರುವುದು ಒಂದು ಗ್ಯಾಸ್ಕೆಟ್. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿ. ‘ಟಿಕ್ ಟಿಕ್’ ಸದ್ದು ಬಂದು, ಇಂಜಿನ್ ಬಿಸಿಯಾದಂತೆ ಕಡಿಮೆಯಾದರೆ ಇದೇ. ಜಾಯಿಂಟ್ ಹತ್ತಿರ ಕರಿ ಗೆರೆಯೂ ಕಾಣಬಹುದು.

ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕ್ಯಾನಿಸ್ಟರ್ ನೋಡಿ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇದ್ದಿಲು ತುಂಬಿದ ಡಬ್ಬಿ ಹಿಡಿದಿಟ್ಟು, ಇಂಜಿನ್ ಬಿಸಿಯಾದಾಗ ಒಳಕ್ಕೆ ಕಳಿಸುತ್ತದೆ. ಬಂಕ್‌ನಲ್ಲಿ ಪಂಪ್ ಕಟ್ ಆದ ಮೇಲೂ ಗಾಡಿ ಅಲ್ಲಾಡಿಸಿ ಕುತ್ತಿಗೆ ತನಕ ತುಂಬಿಸುವ ಅಭ್ಯಾಸ ಇದೆಯಲ್ಲ, ಅದರಿಂದ ಆವಿಯ ಬದಲು ಪೆಟ್ರೋಲೇ ಆ ಡಬ್ಬಿಗೆ ಹೋಗುತ್ತದೆ. ಡಬ್ಬಿ ಕೆಟ್ಟಂತೆ. ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಹಬೆಯನ್ನು ಮತ್ತೆ ಉರಿಯಲು ಕಳಿಸುವುದು) ಇನ್ನೂ ಸುಲಭ: ಬಿಚ್ಚಿ ಅಲ್ಲಾಡಿಸಿದರೆ ‘ಕಟಕಟ’ ಅನ್ನಬೇಕು.

ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಒಂದು ಮಾತು. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಸವರಿದ ಜೇನುಗೂಡಿನಂಥ ಪಿಂಗಾಣಿ ಇದೆ. ಬೆಲೆ ಜಾಸ್ತಿ ಇರುವುದು ಇದಕ್ಕೇ. ಅದು ತಾನಾಗಿ ಸಾಯುವುದು ಕಡಿಮೆ. ಮಿಸ್ಸಿಂಗ್ ಹೊಡೆಯುವ ಗಾಡಿಯನ್ನು ಹಾಗೇ ಓಡಿಸಿದರೆ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಹತ್ತಿಕೊಂಡು ಗೂಡೇ ಕರಗುತ್ತದೆ. ಮಿಸ್ಸಿಂಗ್ ಸರಿಮಾಡದೆ ಹೊಸ ಕನ್ವರ್ಟರ್ ಹಾಕಿದರೆ ಅದಕ್ಕೂ ಅದೇ ಗತಿ. ಕಲ್ಲಿಗೆ ತಾಗಿ ಒಡೆದಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಒಳಗೆ ಗಲಗಲ ಅನ್ನುತ್ತದೆ. ಇನ್ನೊಂದು, ಓಡಿಸಿ ಬಂದ ತಕ್ಷಣ ಗಾಡಿಯನ್ನು ಒಣ ಕಬ್ಬಿನ ತರಗಿನ ಮೇಲೆ ನಿಲ್ಲಿಸಬೇಡಿ. ಕನ್ವರ್ಟರ್ ಕೆಲಸ ಶುರು ಮಾಡುವುದೇ 250-300 ಡಿಗ್ರಿಯಲ್ಲಿ, ಓಡುವಾಗ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಬೆಂಕಿ ಹತ್ತಿದರೆ ಗಾಡಿಯೂ ಗದ್ದೆಯೂ ಹೋಗುತ್ತವೆ.

ಸ್ಕ್ಯಾನರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನಮ್ಮ ದೇಶದಲ್ಲಿ ಬಿಎಸ್4 ಕಾರು, ಜೀಪುಗಳಿಗೆ ಒಬಿಡಿ, ಅಂದರೆ ಗಾಡಿಯೇ ತನ್ನ ತೊಂದರೆ ಪತ್ತೆ ಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಕಡ್ಡಾಯವಾಯಿತು. ಅದಕ್ಕಿಂತ ಹಳೇ ಗಾಡಿಗೆ ಆನ್‌ಲೈನ್‌ನಲ್ಲಿ ತರಿಸಿದ ಸಣ್ಣ ಸ್ಕ್ಯಾನರ್ ಹಾಕಿದರೆ ಮಾತೇ ಆಡದಿರಬಹುದು. ಸ್ಕ್ಯಾನರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಆ ಗಾಡಿಗೆ ಕಂಪನಿಯ ಸ್ಕ್ಯಾನರ್ರೇ ಬೇಕು.

ಕೋಡ್ ಬಂದರೆ ದೂರು ಎಲ್ಲಿಂದ ಬಂದಿದೆ ಅಂತ ಗೊತ್ತಾಗುತ್ತದೆ, ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ. ಪಿ0401 ಅಂದರೆ ಇಜಿಆರ್‌ನಲ್ಲಿ ಹರಿವು ಸಾಲದು. ವಾಲ್ವ್ ಕೆಟ್ಟಿರಬಹುದು, ಮಸಿ ಕಟ್ಟಿರಬಹುದು, ಇಲಿ ಪೈಪ್ ಕಡಿದಿರಬಹುದು, ಯಾರೋ ತಗಡು ಹಾಕಿರಬಹುದು. ಪಿ0299 ಅಂದರೆ ಟರ್ಬೊ ಒತ್ತಡ ಕಡಿಮೆ, ಹರಿದ ಹೋಸ್‌ಗೂ ಅದೇ ಕೋಡ್. ಪಿ0420 ಬಂದ ಕೂಡಲೇ ಕನ್ವರ್ಟರ್‌ಗೆ ಆರ್ಡರ್ ಕೊಡುವವರಿದ್ದಾರೆ, ಎಕ್ಸಾಸ್ಟ್ ಸೋರಿದರೂ ಅದು ಬರುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಕೋಡ್‌ಗಿಂತ ಫ್ಯೂಯಲ್ ಟ್ರಿಮ್ ನೋಡುವುದು ಮೇಲು. ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಏರಿಸಿದೆ ಅಥವಾ ಇಳಿಸಿದೆ ಅನ್ನುವ ಶೇಕಡಾ ಅದು. ಸೊನ್ನೆಯ ಆಚೀಚೆ ಹತ್ತರೊಳಗೆ ಇದ್ದರೆ ಚಿಂತೆ ಇಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 3ಕ್ಕೋ 4ಕ್ಕೋ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಸೋರುತ್ತಿದೆ. ಕಾರಣ ಸರಳ: ಸೋರುವ ಗಾಳಿ ಅಷ್ಟೇ ಇರುತ್ತದೆ, ಇಂಜಿನ್ ಜಾಸ್ತಿ ಗಾಳಿ ಎಳೆದಾಗ ಅದರ ಪಾಲು ಸಣ್ಣದಾಗುತ್ತದೆ. ತಿರುಗಾಮುರುಗ, ಐಡ್ಲಿಂಗ್‌ನಲ್ಲಿ ಸರಿ ಇದ್ದು ಲೋಡ್‌ನಲ್ಲಿ ಪ್ಲಸ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್, ಪಂಪ್ ಕಡೆ ಹೋಗಿ. ಹೀಗೆ ಎರಡು ಅಂಕಿ ಓದಿ ಅರ್ಧ ಇಂಜಿನ್ ಬೇ ಹುಡುಕುವುದು ತಪ್ಪುತ್ತದೆ.

ಕೋಡ್ ಅಳಿಸುವ ಮೊದಲು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೋಡ್ ಬಿದ್ದ ಗಳಿಗೆಯಲ್ಲಿ ಸ್ಪೀಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅನ್ನುವುದೂ ಅದರ ಜತೆ ದಾಖಲಾಗಿರುತ್ತದೆ. ಅಳಿಸಿದರೆ ಅದೆಲ್ಲ ಹೋಗುತ್ತದೆ.

ಟೆಸ್ಟ್ ದಿನ

ಇಷ್ಟೆಲ್ಲ ಸರಿಮಾಡಿದ ಗಾಡಿಯೂ ತಣ್ಣಗಿರುವಾಗ ಹೋದರೆ ಫೇಲ್ ಆಗಬಹುದು. ಡೀಸೆಲ್ ಟೆಸ್ಟ್‌ನಲ್ಲಿ ಆಕ್ಸಿಲರೇಟರ್ ಒಮ್ಮೆಗೇ ಪೂರ್ತಿ ತುಳಿಯುತ್ತಾರೆ. ಡೀಸೆಲ್ ಆ ಕ್ಷಣವೇ ಬರುತ್ತದೆ, ಟರ್ಬೊ ಗಾಳಿ ಸ್ವಲ್ಪ ತಡವಾಗಿ ಬರುತ್ತದೆ. ಸೈಲೆನ್ಸರಿನಲ್ಲಿ ಹಿಂದಿನ ವಾರದ ಮಸಿ ಕೂತಿದ್ದರೆ ಅದೂ ಒಟ್ಟಿಗೆ ಆಚೆ ಬರುತ್ತದೆ. ಮನೆ ಪಕ್ಕದ ಸೆಂಟರ್‌ಗೆ ಹೋಗುವ ಬದಲು ಮೈಸೂರಿನವರು ರಿಂಗ್ ರೋಡ್ ಹಿಡಿದು, ಮಂಡ್ಯದವರು ಶ್ರೀರಂಗಪಟ್ಟಣದ ಕಡೆ ಹೋಗಿ ಬಂದು, ಇಪ್ಪತ್ತು ನಿಮಿಷ ಒಂದು ಗೇರ್ ಕೆಳಗೆ ಓಡಿಸಿ, ಇಂಜಿನ್ ಬಿಸಿ ಇರುವಾಗಲೇ ಟೆಸ್ಟ್‌ಗೆ ನಿಲ್ಲಿಸಿ. ಇದು ಮೋಸವಲ್ಲ. ಇಂಜಿನ್ ಬಿಸಿ ಇರಬೇಕು ಅಂತ ಟೆಸ್ಟ್ ನಿಯಮವೇ ಹೇಳುತ್ತದೆ. ಪೆಟ್ರೋಲ್ ಗಾಡಿಗೂ ಇದು ಬೇಕು, ಕನ್ವರ್ಟರ್ ಕಾಯದೆ ಕೆಲಸ ಮಾಡುವುದಿಲ್ಲ.

ಹದಿನೈದು ವರ್ಷ ತುಂಬಿ ಎಫ್‌ಸಿ ಮಾಡಿಸಿ ಆರ್‌ಸಿ ಐದು ವರ್ಷಕ್ಕೆ ನವೀಕರಿಸುವ ಗಾಡಿಯಾದರೆ ಎರಡು ತಿಂಗಳು ಮೊದಲೇ ಒಂದು ಸಲ ಟೆಸ್ಟ್ ಮಾಡಿಸಿ ಅಂಕಿ ನೋಡಿ. ಮಿತಿಯ ಹತ್ತಿರ ಇದ್ದರೆ ರಿಪೇರಿಗೆ ಸಮಯ ಸಿಗುತ್ತದೆ. ಫೇಲ್ ಆದರೆ ಸೆಂಟರ್‌ನವರ ಜತೆ ಜಗಳ ಬೇಡ, ಸುಮ್ನೆ ರೀಡಿಂಗ್ ಬರೆಸಿಕೊಂಡು ಬನ್ನಿ. ಗ್ಯಾರೇಜಿನವರಿಗೆ ಮೊದಲು ತೋರಿಸಬೇಕಾದದ್ದು ಆ ಚೀಟಿ, ಆಮೇಲೆ ಗಾಡಿ.